ಅಸಲಿ ಅಮೆರಿಕದವಳು

ಹೊನ್ನೆಕೊಪ್ಪ, ಸಾಗರ ತಾಲೂಕು
೧೨-೧೦-೧೯೬೬

ತಂಗಿ ಪುಷ್ಪಮ್ಮನಿಗೆ ಅಕ್ಕ ಬಂಗಾರಮ್ಮನ ಆಶೀರ್ವಾದ.

ಮೊದಲು ಕ್ಷೇಮ ಸಮಾಚಾರ ಬರೆಯಬೇಕೆಂದು ಗುತ್ತಿ ಪೆನ್ನು ಹಿಡಿದು ಕೂತಿದ್ದಾಳೆ. ಇಲ್ಲಿ ಯಾರಿಗೂ ಜ್ವರವಿಲ್ಲ, ಅಷ್ಟು ಸಾಕು. ನಾನು ಬಾಯಲ್ಲಿ ಹೇಳಿದ್ದನ್ನು ಇವಳು ಪುಸ್ತಕದ ಮಾತು ಮಾಡಿ ಬರೆಯುತ್ತಾಳೆ. ಎಸ್.ಎಸ್.ಎಲ್.ಸಿ. ಪಾಸು ಮಾಡಿದ ಮಗಳು ಮನೆಯಲ್ಲಿರುವಾಗ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಯಾಕೆ ಕೈ ನೋಯಿಸಿಕೊಳ್ಳಲಿ?

ನಿನ್ನ ಕಾಗದ ಬಂತು, ಜೊತೆಗೆ ಫೋಟೋವೂ ಬಂತು. ಹೊಸನಗರದ ನಿಮ್ಮ ಮಹಿಳಾ ಸಮಾಜಕ್ಕೆ ಕೋಳಿ ಸಾಕುವುದನ್ನು ಕಲಿಸಲು ಅಮೆರಿಕದ ಹುಡುಗಿ ಬಂದಳು, ನಿನ್ನ ಮನೆಯಲ್ಲೇ ಇಳಿದುಕೊಂಡಿದ್ದಾಳೆ, ಹೆಸರು ನ್ಯಾನ್ಸಿ, ಹಾಲಿನಂಥ ಬಣ್ಣ, ನಿನ್ನನ್ನು ಪುಷ್ಪಕ್ಕ ಎಂದು ಕರೆಯುತ್ತಾಳೆ. ಎಲ್ಲ ಓದಿಸಿ ಕೇಳಿದೆ. ಎರಡು ಸಲ ಓದಿಸಿದೆ. ಫೋಟೋದಲ್ಲಿ ಅವಳ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದೀಯಲ್ಲ, ನೀನೇ ಹೆತ್ತ ಹಾಗಿದೆ. ನನಗೆ ಹೊಟ್ಟೆಕಿಚ್ಚಾಯಿತು ಪುಷ್ಪಿ. ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ? ಮಧ್ಯಾಹ್ನ ಊಟ ಸೇರಲಿಲ್ಲ.

ಇರಲಿ, ನಮಗೂ ಒಬ್ಬಳು ಬರುತ್ತಾಳೆ. ಬರುವ ವಾರವೇ ಎಂದು ಬ್ಲಾಕ್ ಆಫೀಸಿನ ಸಾಹೇಬರು ಹೇಳಿದ್ದಾರೆ. ನಾನು ಸಮಾಜದ ಅಧ್ಯಕ್ಷೆಯಾದ್ದರಿಂದ ನಮ್ಮ ಮನೆಯಲ್ಲೇ ಇರುತ್ತಾಳೆ. ಜಗಲಿ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದಾಯಿತು, ಮಂಚ ಮಾಡಿಸಿದ್ದಾಯಿತು. ನಿಮ್ಮ ಭಾವ ಹೂವಪ್ಪನವರು 'ಅಮೆರಿಕದವ್ಳು ಬಂದ್ರೆ ಸೂರ್ಯ ಪಶ್ಚಿಮಕ್ಕೆ ಹುಟ್ತದಾ?' ಎಂದು ನಗುತ್ತಾರೆ. ನಗಲಿ. ನನ್ನ ಕಷ್ಟ ಅವರಿಗೆ ಎಲ್ಲಿ ಗೊತ್ತಾಗಬೇಕು?

ನಿನಗೆ ಗೊತ್ತಿದೆ. ಗುತ್ತಿಗೆ ಹತ್ತೊಂಬತ್ತು ತುಂಬಿತು. ಮೂರು ಕಡೆಯವರು ಬಂದರು, ಅವಲಕ್ಕಿ ತಿಂದರು, ಹೋದರು. ಹಳೇ ಊರು ಶರಾವತಿ ನೀರಿನಲ್ಲಿ ಹೋದ ಮೇಲೆ ಇಲ್ಲಿಗೆ ಬಂದ ನಮ್ಮನ್ನು ಈ ಊರಿನವರು ಇನ್ನೂ 'ಮುಳುಗಡೆಯವರು' ಎಂದೇ ಕರೆಯುತ್ತಾರೆ. ಅದರ ಮೇಲೆ ಇವಳ ಬಣ್ಣ. ಈಗ ಮದುವೆ ದಲ್ಲಾಳಿ ಜಟ್ಟಿಂಗಪ್ಪ ಆನಂದಪುರದ ಕಡೆಯ ಒಂದು ಸಂಬಂಧ ತಂದಿದ್ದಾನೆ. ಹುಡುಗ ಜಯಪ್ಪ, ಜೋಗದಲ್ಲಿ ಕರೆಂಟಿನ ಕೆಲಸ. 'ಹುಡ್ಗಿ ಸಾದಗಪ್ಪು ಅಂತ ಹೇಳಿದೀನಿ' ಎಂದ ಈ ಮಹಾರಾಯ. ಎಣ್ಣೆಗೆಂಪು ಎಂದು ಹೇಳಬಾರದಿತ್ತಾ ಎಂದು ಜಗಳ ಮಾಡಿದೆ. ಡಿಸೆಂಬರಿನಲ್ಲಿ ನೋಡಲು ಬರುತ್ತಾರೆ. ಬಂದಾಗ ಜಗಲಿಯಲ್ಲಿ ಬೆಳ್ಳಗೆ ಒಬ್ಬಳು ಅಮೆರಿಕದವಳು ಕೂತಿದ್ದರೆ ಮನೆಗೇ ಒಂದು ಕಳೆ ಅಲ್ಲವಾ? ಈ ಸಂಬಂಧವೂ ತಪ್ಪಿದರೆ ನನ್ನ ಮಗಳು ಮನೆಯಲ್ಲೇ ಉಳಿದುಬಿಡುತ್ತಾಳೆ.

ನಿನ್ನ ಅಕ್ಕ,
ಬಂಗಾರಮ್ಮ

(ಚಿಕ್ಕಮ್ಮನಿಗೆ ನಮಸ್ಕಾರ. ಅವ್ವ ಹೇಳಿದ ಹಾಗೇ ಬರೆದಿದ್ದೇನೆ. ಗುತ್ಯಮ್ಮ)


ಹೊನ್ನೆಕೊಪ್ಪ
೨೪-೧೦-೧೯೬೬

ಪುಷ್ಪಿಗೆ ಆಶೀರ್ವಾದ.

ನನ್ನ ಹಣೆಬರಹ ಕೇಳು. ಬುಧವಾರ ಜೀಪು ಬಂತು. ಸಮಾಜದ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ನಿಂತಿದ್ದರು. ನಾನು ಎಲ್ಲರಿಗಿಂತ ಮುಂದೆ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಜೀಪಿನಿಂದ ಒಬ್ಬಳು ಇಳಿದಳು. ಸಾಮಾನು ಹೊರಲು ಬಂದವಳು ಇರಬೇಕೆಂದುಕೊಂಡು, ಅವಳ ಹಿಂದೆ ಯಾರು ಇಳಿಯುತ್ತಾರೆಂದು ಕತ್ತು ಉದ್ದ ಮಾಡಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಕಪ್ಪು ಪುಷ್ಪಿ, ಕಪ್ಪು! ನನಗಿಂತ ಕಪ್ಪು. ಗುತ್ತಿಗಿಂತಲೂ ಒಂದು ಕೈ ಹೆಚ್ಚು. ತಲೆ ತುಂಬ ಗುಂಗುರು ಕೂದಲು. ಹತ್ತಿರ ಬಂದು ಕೈ ಮುಗಿದು, "ನಮಸ್ಕಾರ. ನನ್ನ ಹೆಸರು ರೂತ್. ನಾನು ಅಮೆರಿಕದಿಂದ ಬಂದಿದ್ದೇನೆ" ಎಂದಳು. ಆರತಿ ತಟ್ಟೆ ನನ್ನ ಕೈಯಲ್ಲೇ ಉಳಿಯಿತು.

ಪಕ್ಕದ ಮನೆ ಕೆರಿಯಮ್ಮ ನನ್ನ ಕಿವಿಯಲ್ಲಿ ಏನಂದಳು ಗೊತ್ತಾ? "ಅಮೆರಿಕನೂ ಇಲ್ಲ ಎಂತದೂ ಇಲ್ಲ ಬಂಗಾರಕ್ಕ. ಇವ್ಳು ಯಲ್ಲಾಪುರದ ಕಾಡಿನ ಸಿದ್ದಿಯವ್ಳು. ಗೌನ್ ಹಾಕ್ಸಿ ಕಳ್ಸಿದಾರೆ. ನಮ್ಮಣ್ಣನ ಜೊತೆ ಆ ಕಡೆ ನಾಟಾ ಕೊಯ್ಯೋ ಕೆಲ್ಸಕ್ಕೆ ಹೋದಾಗ ನಾ ನೋಡಿಲ್ವಾ, ಇದೇ ಕೂದ್ಲು, ಇದೇ ಮುಖ. ಅಮೆರಿಕದವ್ಳಾದ್ರೆ ಇಷ್ಟು ಚೆಂದ ಕನ್ನಡ ಎಲ್ಲಿಂದ ಬರ್ತದೆ?" ಹೇಳಿದ್ದು ನಿಜವೇ ಅನ್ನಿಸಿತು. ಅಸಲಿಯವಳನ್ನು ಹೊಸನಗರಕ್ಕೆ ಕೊಟ್ಟು, ಮುಳುಗಡೆಯವರಿಗೆ ಇಷ್ಟು ಸಾಕು ಎಂದು ಯಾರನ್ನೋ ಹಿಡಿದು ಕಳಿಸಿದ್ದಾರೆ. ಕೋಳಿಗಳನ್ನು ಮಾತ್ರ ಬಿಳಿಯವನ್ನೇ ಕೊಟ್ಟಿದ್ದಾರೆ ನೋಡು, ಇಪ್ಪತ್ತು ಲೆಗ್‌ಹಾರ್ನು. ಅವುಗಳ ನಡುವೆ ಇವಳು ನಿಂತರೆ ನನಗೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ.

ಅವಳಿಗೆ ಬೇರೆ ಲೋಟ ಇಟ್ಟಿದ್ದೇನೆ, ಜಗಲಿಯ ಮಾಡಿನ ಸಂದಿಯಲ್ಲಿ. ಇದನ್ನು ಬರೆಯುವಾಗ ಗುತ್ತಿ ಪೆನ್ನು ನಿಲ್ಲಿಸಿ, "ಅವ್ವ, ಹೆಗಡೇರ ಮನೆ ಜಗಲೀಲಿ ನಮ್ಗೆ ಇಟ್ಟಂಗೇ ಆಯ್ತಲ್ಲ" ಎಂದಳು. ಅದು ಬೇರೆ, ಇದು ಬೇರೆ ಎಂದೆ. ಹೇಗೆ ಬೇರೆ ಎಂದಳು. ಸುಮ್ಮನೆ ಬರೆಯೇ ಎಂದೆ.

ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ನಿನಗೆ ಯಾವಾಗಲೂ ಹೀಗೇ. ಇಪ್ಪತ್ತೆರಡು ವರ್ಷದ ಹಿಂದೆ ಮಂಜುನಾಥಪ್ಪನ ಕಡೆಯವರು ನಮ್ಮಪ್ಪನ ಮನೆಗೆ ಬಂದದ್ದು ನನ್ನನ್ನು ನೋಡಲು. ನೀನು ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಟ್ಟೆ. ನೀರು ಕೊಟ್ಟವಳನ್ನೇ ಕೊಡಿ ಎಂದು ಕೇಳಿಕೊಂಡು ಹೋದರು. ನೀನು ಹುಟ್ಟುವಾಗ ಕೆಂಪಗೆ ಹುಟ್ಟಿದೆ, ನಾನು ಹೀಗೆ ಹುಟ್ಟಿದೆ. ಆವತ್ತು ಗಂಡನ ವಿಷಯ, ಇವತ್ತು ಅಮೆರಿಕದವಳ ವಿಷಯ. ಹಂಚುವವರ ಕೈ ಯಾಕೆ ಪ್ರತಿ ಸಲವೂ ನಿನ್ನ ಕಡೆಗೇ ಚಾಚುತ್ತದೆ?

ಬಂಗಾರಮ್ಮ


ಹೊಸನಗರ
೫-೧೧-೧೯೬೬

ಅಕ್ಕನಿಗೆ ಪುಷ್ಪಿಯ ನಮಸ್ಕಾರಗಳು.

ನಿನ್ನ ಕಾಗದ ಓದಿ ಮೊದಲು ನಗು ಬಂತು. ಅರ್ಧಕ್ಕೆ ಬಂದಾಗ ನಗು ನಿಂತಿತು. ಸಿದ್ದಿಯವಳಂತೆ, ಗೌನು ಹಾಕಿಸಿದರಂತೆ! ಅಲ್ಲಕ್ಕ, ಕೆರಿಯಮ್ಮ ಹೇಳಿದಳೆಂದು ನೀನೂ ನಂಬುವುದಾ? ನ್ಯಾನ್ಸಿ ಕನ್ನಡ ಆಡಿದರೆ ನಮ್ಮೂರಿನವರು ಆಹಾ ಎನ್ನುತ್ತಾರೆ, ಅದಕ್ಕಿಂತ ಚೆನ್ನಾಗಿ ರೂತ್ ಆಡಿದರೆ ನಿಮ್ಮೂರಿನವರು ಸುಳ್ಳು ಎನ್ನುತ್ತಾರೆ.

ನ್ಯಾನ್ಸಿಯನ್ನೇ ಕೇಳಿದೆ. ತರಬೇತಿಯಲ್ಲಿ ಅವರಿಬ್ಬರೂ ಒಂದೇ ಕೋಣೆಯಲ್ಲಿದ್ದರಂತೆ. ಕೋಳಿಯ ವಿಷಯದಲ್ಲಿ ರೂತ್ ಎಲ್ಲರಿಗಿಂತ ಮುಂದಂತೆ. ನಮ್ಮ ನ್ಯಾನ್ಸಿಗೆ ಕೋಳಿ ಹಿಡಿಯಲು ಭಯ, ರೆಕ್ಕೆ ಬಡಿದರೆ ಓಡಿ ಬರುತ್ತಾಳೆ. ಇನ್ನೊಂದು ಕೇಳು. ರೂತಳ ಕಡೆಯವರು ಅಜ್ಜನ ಅಜ್ಜನ ಕಾಲದಿಂದ ಅಲ್ಲೇ ಇರುವವರು. ನ್ಯಾನ್ಸಿಯ ಅಪ್ಪ ಇನ್ಯಾವುದೋ ದೇಶದಿಂದ ಹಡಗು ಹತ್ತಿ ಅಲ್ಲಿಗೆ ಬಂದವನು. ನೀನು ಅಸಲಿ ಕೇಳಿದೆಯಲ್ಲ, ಅಸಲಿ ನಿನ್ನ ಮನೆಯಲ್ಲಿದ್ದಾಳೆ.

ನನ್ನ ಮೇಲೆ ಹೊಟ್ಟೆಕಿಚ್ಚು ಪಡಲು ಏನೂ ಇಲ್ಲ ಅಕ್ಕ. ನ್ಯಾನ್ಸಿಯನ್ನು ನೋಡಲು ದಿನಾ ಐವತ್ತು ಜನ ಬರುತ್ತಾರೆ. ಕೂದಲು ಮುಟ್ಟುತ್ತಾರೆ, ಕೆನ್ನೆ ಮುಟ್ಟುತ್ತಾರೆ, ಅವಳು ಹೇಳುವ ಪಾಠ ಒಬ್ಬರೂ ಕೇಳುವುದಿಲ್ಲ. ಅದು ನನಗೆ ಹೊಸದಲ್ಲ. ಈ ಮನೆಗೆ ನಾನು ಬಂದಾಗಲೂ ಎಲ್ಲರೂ ಮುಖ ನೋಡಿದರೇ ಹೊರತು ಮಾತು ಕೇಳಲಿಲ್ಲ. ಎರಡು ಬಾಣಂತನವಾಗಿ ಬಣ್ಣ ಇಳಿದ ಮೇಲೆ ನಮ್ಮತ್ತೆ, "ಮೋಸ ಹೋದ್ವಿ" ಎಂದು ನಾಲ್ಕು ಜನರ ಎದುರು ಅಂದರು. ನಿನಗೆ ನಾನು ಇದನ್ನು ಬರೆದೇ ಇರಲಿಲ್ಲ.

ಗುತ್ತಿ, ಇಲ್ಲಿಂದ ಮುಂದೆ ನಿನಗೆ ಮಾತ್ರ. ಅವ್ವನಿಗೆ ಓದಿ ಹೇಳಬೇಡ. 'ಗುತ್ತಿಗಿಂತಲೂ ಒಂದು ಕೈ ಹೆಚ್ಚು' ಎಂದು ನಿನ್ನ ಅಕ್ಷರದಲ್ಲೇ ಬರೆದಿದ್ದೀಯ. ಆ ಸಾಲಿನಲ್ಲಿ ಒಂದು ಅಕ್ಷರವೂ ಅಲುಗಿಲ್ಲ. ನನಗೆ ಅದನ್ನು ನೋಡಿಯೇ ಭಯವಾಯಿತು. ಇಲ್ಲಿಗೆ ಬಂದು ನಾಲ್ಕು ದಿನ ಇದ್ದು ಹೋಗಬಾರದಾ ಮಗಳೇ?

ಪುಷ್ಪಿ


ಹೊನ್ನೆಕೊಪ್ಪ
೨೫-೧೧-೧೯೬೬

ಪುಷ್ಪಿಗೆ ಆಶೀರ್ವಾದ.

ಆಯಿತು, ಅವಳು ಅಸಲಿಯಂತೆ. ಸಾಹೇಬರೂ ಹೇಳಿದರು. ಅವಳೂ ಪಾಸ್‌ಪೋರ್ಟ್ ತೆಗೆದು ತೋರಿಸಿದಳು, ನಗುತ್ತಲೇ ತೋರಿಸಿದಳು. ಆದರೆ ಮನೆಗೆ ಬಂದವರಿಗೆಲ್ಲ ಪಾಸ್‌ಪೋರ್ಟ್ ತೋರಿಸುತ್ತ ಕೂರಲಿಕ್ಕಾಗುತ್ತದಾ?

ಕೆಲಸದಲ್ಲಿ ಒಂದು ಮಾತು ಹೇಳುವ ಹಾಗಿಲ್ಲ. ಮೊಟ್ಟೆ ಸಾಗರದ ಸಂತೆಗೆ ಹೋಗುವಷ್ಟಾಗಿದೆ. ಭೂಮಿ ಹುಣ್ಣಿಮೆಗೆ ಗುತ್ತಿ ಬುಟ್ಟಿಗೆ ಚಿತ್ತಾರ ಬರೆಯುವಾಗ ಪಕ್ಕದಲ್ಲಿ ಕೂತು ಕಲಿತಳು. ಪುಂಡಿ ನಾರಿನ ಕುಂಚ ಹಿಡಿದು ಅಕ್ಕಿಹಿಟ್ಟಿನ ಎಳೆ ಎಳೆದರೆ ಕೈ ನಡುಗುವುದಿಲ್ಲ. ನಾನು ಹತ್ತು ವರ್ಷ ಬೈದು ಗುತ್ತಿಗೆ ಕಲಿಸಿದ್ದನ್ನು ಗುತ್ತಿ ನಗಿಸುತ್ತ ಹತ್ತು ದಿನದಲ್ಲಿ ಅವಳಿಗೆ ಕಲಿಸಿದಳು. ಇಬ್ಬರೂ ಕೋಳಿಗೂಡಿನ ಹಿಂದೆ ಕೂತು ಏನೋ ಮಾತಾಡುತ್ತಾರೆ. ನಾನು ಹೋದರೆ ನಿಲ್ಲಿಸುತ್ತಾರೆ. ನನ್ನ ಹತ್ತಿರ ಆಡದ ಯಾವ ಮಾತು ಅವಳ ಹತ್ತಿರ? ಹೆತ್ತವಳಿಗಿಂತ ಹೆಚ್ಚಾದಳಾ ಇವಳು? ಇದನ್ನೂ ಬರೆಯಲಾ ಎಂದು ಗುತ್ತಿ ಕೇಳುತ್ತಿದ್ದಾಳೆ. ಬರಿ.

ಈಗ ಮುಖ್ಯ ವಿಷಯ. ಡಿಸೆಂಬರ್ ಹನ್ನೊಂದು, ಭಾನುವಾರ, ಆನಂದಪುರದವರು ಬರುತ್ತಾರೆ. ಅವತ್ತು ಒಂದೇ ಒಂದು ದಿನ ನಿನ್ನವಳನ್ನು ಇಲ್ಲಿಗೆ ಕಳಿಸಿಕೊಡು. ಗುತ್ತಿಯ ಪಕ್ಕ ಚಾಪೆಯ ಮೇಲೆ ಕೂರಲಿ, ಎರಡು ಮಾತಾಡಲಿ, ಸಾಕು. ನಮ್ಮವಳನ್ನು ಕೆರಿಯಮ್ಮನ ಮನೆಗೆ ಕಳಿಸುತ್ತೇನೆ. ಬಾಗಿಲಲ್ಲಿ ಇವಳನ್ನು ನೋಡಿ, ಒಳಗೆ ಗುತ್ತಿಯನ್ನು ನೋಡಿದರೆ, ಈ ಮನೆಯಲ್ಲಿ ಇರುವವರೆಲ್ಲ ಹೀಗೇ ಎಂದು ಬಂದವರು ಎದ್ದು ಹೋಗುತ್ತಾರೆ.

ಇಲ್ಲ ಎನ್ನಬೇಡ ಪುಷ್ಪಿ. ಒಂದು ಸಲ ನನ್ನ ಪಾಲಿನದು ನಿನಗೆ ಹೋಗಿದೆ. ಒಂದು ದಿನದ ಮಟ್ಟಿಗೆ ನಿನ್ನ ಪಾಲಿನದು ನನಗೆ ಬರಲಿ.

ಬಂಗಾರಮ್ಮ


ಹೊನ್ನೆಕೊಪ್ಪ
೧೪-೧೨-೧೯೬೬

ಚಿಕ್ಕಮ್ಮನಿಗೆ ಗುತ್ಯಮ್ಮನ ನಮಸ್ಕಾರಗಳು.

ಈ ಕಾಗದ ನಾನೇ ಬರೆಯುತ್ತಿದ್ದೇನೆ. ಅವ್ವ ಹೇಳಿ ಬರೆಸಿದ್ದಲ್ಲ.

ನೀವು ನ್ಯಾನ್ಸಿಯನ್ನು ಕಳಿಸಬಾರದಿತ್ತು. ಅವ್ವನಿಗೆ ಇಲ್ಲ ಎನ್ನಲು ನಿಮ್ಮಿಂದ ಆಗುವುದಿಲ್ಲವೆಂದು ನನಗೆ ಗೊತ್ತು. ನ್ಯಾನ್ಸಿಗೆ ಏನೂ ಗೊತ್ತಿರಲಿಲ್ಲ, ಪಾಪ. ಗೆಳತಿಯನ್ನು ನೋಡುವ ಖುಷಿಯಲ್ಲಿ ಬಸ್ಸಿಳಿದು, "ರೂತ್ ಎಲ್ಲಿ?" ಎಂದಳು. ಪೇಟೆಗೆ ಹೋಗಿದ್ದಾಳೆ, ಸಂಜೆ ಬರುತ್ತಾಳೆ ಎಂದಳು ಅವ್ವ.

ರೂತಕ್ಕನಿಗೆ ಹೇಳಿದ್ದು ಬೇರೆ. ಹೆಣ್ಣು ನೋಡುವ ದಿನ ಹೊರಗಿನವರು ಮನೆಯಲ್ಲಿರಬಾರದು, ಅದು ನಮ್ಮ ಪದ್ಧತಿ ಎಂದು. ಅವ್ವನ ಮಾತು ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ಬಿಡಿಸಿ ಹೇಳಿದವಳು ನಾನು. ಅವಳು ನಂಬಿದಳು. ಊರಿನ ಪದ್ಧತಿಗಳನ್ನು ಬರೆದುಕೊಳ್ಳುವ ಒಂದು ನೋಟ್‌ಬುಕ್ಕು ಅವಳ ಹತ್ತಿರ ಇದೆ. ಅದರಲ್ಲಿ ಇದನ್ನೂ ಬರೆದುಕೊಂಡಳು. ಬರೆದುಕೊಳ್ಳುವುದನ್ನು ನಾನು ನೋಡುತ್ತ ನಿಂತಿದ್ದೆ.

ಆನಂದಪುರದವರು ಏಳು ಜನ ಬಂದರು. ಅವ್ವ ನನ್ನ ಮುಖಕ್ಕೆ ಸ್ನೋ ಹಚ್ಚಿ, ಮೇಲೆ ಪೌಡರು ಹಾಕಿ, ಕತ್ತಿನವರೆಗೂ ತಿಕ್ಕಿದ್ದಳು. ನನ್ನನ್ನು ನ್ಯಾನ್ಸಿಯ ಪಕ್ಕ ಕೂರಿಸಿದರು. ಆಮೇಲೆ ನನ್ನನ್ನು ಯಾರೂ ನೋಡಲಿಲ್ಲ. ಅಮೆರಿಕದಲ್ಲಿ ಅನ್ನ ತಿನ್ನುತ್ತೀರಾ, ಅಪ್ಪ ಅಮ್ಮ ಇದ್ದಾರಾ, ಸೀರೆ ಉಡಲು ಬರುತ್ತದಾ, ಎಲ್ಲ ಪ್ರಶ್ನೆಯೂ ಅವಳಿಗೇ. ಆ ಜಯಪ್ಪ ಅವಲಕ್ಕಿಯ ತಟ್ಟೆ ಕೈಯಲ್ಲಿ ಹಿಡಿದವನು ತಿನ್ನುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ. ನನ್ನ ಹೆಸರನ್ನು ಕೂಡ ಕೇಳಲಿಲ್ಲ ಚಿಕ್ಕಮ್ಮ.

ಆಗಲೇ ಅಂಗಳದ ಬೇಲಿಯ ದಣಪೆಯ ಹತ್ತಿರ ರೂತಕ್ಕ ಕಾಣಿಸಿದಳು. ಕೆರಿಯಮ್ಮನ ಕೋಳಿಯೊಂದು ತೂಕಡಿಸುತ್ತಿತ್ತಂತೆ, ಔಷಧಿ ತೆಗೆದುಕೊಂಡು ಹೋಗಲು ಬಂದಿದ್ದಳು. ದಣಪೆಯ ಬಿದಿರ ಗಳು ಸರಿಸಿದವಳು ಹಾಗೇ ನಿಂತಳು. ಹೊರಗಿನವಳು ಒಬ್ಬಳು ಚಾಪೆಯ ಮೇಲೆ ನಡುವೆ ಕೂತಿದ್ದಾಳೆ. ಅವಳದೇ ದೇಶದವಳು, ಅವಳದೇ ಕೋಣೆಯಲ್ಲಿದ್ದವಳು. ನ್ಯಾನ್ಸಿ ಕೂಗಿಕೊಂಡು ಎದ್ದಳು. ರೂತಕ್ಕ ಕೈ ಎತ್ತಿ ಬೀಸಿ, ಗಳು ಮೊದಲಿದ್ದ ಹಾಗೆ ಎಳೆದು, ತಿರುಗಿ ಹೋದಳು.

ಹೊರಡುವಾಗ ಹುಡುಗನ ಸೋದರತ್ತೆ ಅವ್ವನಿಗೆ ಹೇಳಿದ್ದು ಇದು: "ಹುಡ್ಗಿಗೆ ಎಂತ ಹೇಳಂಗಿಲ್ಲ ಬಿಡಿ. ಆದ್ರೆ ನೀವು ತಂದು ಈ ಬಿಳಿಯವ್ಳ ಪಕ್ಕ ಕೂರ್ಸಿದ್ರಲ್ಲ, ಇನ್ನು ನಮ್ಮ ಕಣ್ಣಿಗೆ ಎಂತದೂ ಹಿಡಿಸಲ್ಲ." ಅವರು ನಗುತ್ತಲೇ ಹೇಳಿದರು. ಅವ್ವನೂ ನಕ್ಕಳು. ಆಮೇಲೆ ಒಳಗೆ ಹೋಗಿ ಬಚ್ಚಲಲ್ಲಿ ಕೂತುಬಿಟ್ಟಳು.

ನಾನು ಪೌಡರು ತೊಳೆದುಕೊಂಡು ಕೆರಿಯಮ್ಮನ ಮನೆಗೆ ಹೋದೆ. ರೂತಕ್ಕ ಕೋಳಿಗೆ ನೀರಿಡುವ ಬಾಣಲೆ ಉಜ್ಜುತ್ತಿದ್ದಳು. ನನ್ನನ್ನು ಬೈಯಲಿಲ್ಲ. ನೋಟ್‌ಬುಕ್ಕು ತೆಗೆದು ಆ ಸಾಲನ್ನು ಹೊಡೆದು ಹಾಕಿದಳು. ಅವಳ ಊರಿನಲ್ಲಿ ಕಪ್ಪಗಿರುವವರು ನೀರು ಕುಡಿಯಲು ಬೇರೆ ನಲ್ಲಿ ಇತ್ತಂತೆ. ಮಾಡಿನ ಸಂದಿಯಲ್ಲಿ ಲೋಟ ನೋಡಿದ ಮೊದಲ ದಿನವೇ ಎಲ್ಲ ಗೊತ್ತಾಯಿತಂತೆ. "ನಾನು ಹೊರಡುವಾಗ ನನ್ನ ಅಮ್ಮ ತುಂಬಾ ಅತ್ತಳು. ನಾನು ಹೇಳಿದೆ, ಅಮ್ಮ, ಹೆದರಬೇಡ, ಆ ದೇಶದಲ್ಲಿ ಎಲ್ಲರೂ ನನ್ನ ಬಣ್ಣದವರು" ಎಂದಳು.

ನನಗೆ ನಾಚಿಕೆಯಾಯಿತು. ಇಂಥ ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಗುತ್ಯಮ್ಮ


ಹೊನ್ನೆಕೊಪ್ಪ
೪-೧-೧೯೬೭

ಮಾನ್ಯ ಬ್ಲಾಕ್ ಅಧಿಕಾರಿಯವರಿಗೆ, ಹೊನ್ನೆಕೊಪ್ಪ ಮಹಿಳಾ ಸಮಾಜದ ಅಧ್ಯಕ್ಷೆ ಬಂಗಾರಮ್ಮ ಬರೆಸಿದ ಅರ್ಜಿ.

ತಾವು ನಮ್ಮ ಊರಿಗೆ ಕಳಿಸಿದ ರೂತ್ ಎಂಬ ಹೆಣ್ಣುಮಗಳು ಕೆಲಸದಲ್ಲಿ ಚುರುಕು. ಕೋಳಿಗಳು ಚೆನ್ನಾಗಿವೆ. ಆದರೆ ಅವಳು ಕಪ್ಪಗಿದ್ದಾಳೆ. ಅವಳಿದ್ದರೆ ಮನೆ ಕತ್ತಲಾಗುತ್ತದೆ. ಬಂದವರ ಮನಸ್ಸು ಕೆಡುತ್ತದೆ, ಶುಭಕಾರ್ಯ ಕೂಡಿ ಬರುವುದಿಲ್ಲ. ಆದ ಕಾರಣ ಅವಳನ್ನು ಬೇರೆ ತಾಲೂಕಿಗೆ ಕಳಿಸಿ, ಹೊಸನಗರಕ್ಕೆ ಕೊಟ್ಟಂಥವಳನ್ನೇ ನಮಗೂ ಕೊಡಬೇಕೆಂದು ಬೇಡಿಕೊಳ್ಳುತ್ತೇನೆ.

ತೀರ್ಥಹಳ್ಳಿಯಲ್ಲಿ ಇಂಥವಳೊಬ್ಬಳು ಬೇಕಾಗಿದ್ದಾಳೆ, ಜೊತೆಗೆ ಊರಿನ ಮಾತು ಬಲ್ಲ ಸಹಾಯಕಿಯೂ ಬೇಕಾಗಿದ್ದಾಳೆ ಎಂದು ತಮ್ಮ ಆಫೀಸಿನಿಂದ ತಿಳಿದುಬಂದಿದೆ. ಆ ಕೆಲಸಕ್ಕೆ ನನ್ನ ಮಗಳು ಗುತ್ಯಮ್ಮ, ವಯಸ್ಸು ಹತ್ತೊಂಬತ್ತು, ಎಸ್.ಎಸ್.ಎಲ್.ಸಿ. ಪಾಸಾದವಳು, ಇವಳನ್ನೂ ಅದೇ ಜೀಪಿನಲ್ಲಿ ಕಳಿಸಲು ನನ್ನ ಪೂರ್ಣ ಒಪ್ಪಿಗೆ ಇರುತ್ತದೆ. ಇವಳೂ ಕಪ್ಪಗಿದ್ದಾಳೆ.

ರುಜು: ಬಂಗಾರಮ್ಮ
ಅರ್ಜಿ ಬರೆದವಳು: ಮಗಳು ಗುತ್ಯಮ್ಮ


ತೀರ್ಥಹಳ್ಳಿ
೧೨-೨-೧೯೬೭

ಅವ್ವನಿಗೆ ಗುತ್ತಿಯ ನಮಸ್ಕಾರ.

ಈ ಕಾಗದವನ್ನು ನೀನೇ ಓದಬೇಕು. ಓದಿ ಹೇಳಲು ನಾನು ಅಲ್ಲಿಲ್ಲ.

ಜೀಪು ಬಂದ ದಿನ ನೀನು ಅಂಗಳದಲ್ಲಿ ನಿಂತು ಸಾಹೇಬರ ಮೇಲೆ ಕೂಗಾಡಿದೆ. "ನನ್ ಮಗಳನ್ನ ಯಾರನ್ನ ಕೇಳಿ ಕರ್ಕಂಡು ಹೋಗ್ತೀರಿ?" ಎಂದೆ. ಅವರು ನಿನ್ನ ರುಜು ತೋರಿಸಿದರು. ನೀನು ನನ್ನ ಕಡೆ ನೋಡಿದೆ. ನಾನು ಜೀಪು ಹತ್ತಿದೆ. ಆವತ್ತು ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅರ್ಜಿಯನ್ನು ಓದಿ ಹೇಳಲಾ ಎಂದು ನಿನ್ನನ್ನು ಎರಡು ಸಲ ಕೇಳಿದೆ. "ನೀ ಬರ್ದ ಮೇಲೆ ಓದದೆಂತಕ್ಕೆ, ತಾ ಇಲ್ಲಿ" ಎಂದು ರುಜು ಹಾಕಿದೆ. ಎರಡನೆಯ ಭಾಗವನ್ನು ನಾನೇ ಸೇರಿಸಿದ್ದು. ಅದು ಮೋಸ. ನಾನು ಅಲ್ಲ ಎನ್ನುವುದಿಲ್ಲ. ಅಪ್ಪಯ್ಯನಿಗೆ ಹೇಳಿದ್ದೆ. ಅವರು "ಹೋಗು ಮಗ" ಎಂದರು.

ಮೊದಲನೆಯ ಭಾಗ ಮಾತ್ರ ನೀನು ಹೇಳಿದ್ದು. ಒಂದು ಮಾತೂ ಬಿಡದೆ ಬರೆದೆ. ಬರೆಯುವಾಗ ಅದು ರೂತಕ್ಕನ ಮೇಲೆ ಬರೆಯುತ್ತಿರುವುದೋ ನನ್ನ ಮೇಲೆ ಬರೆಯುತ್ತಿರುವುದೋ ನನಗೆ ತಿಳಿಯಲಿಲ್ಲ. ನೀನು ಎದುರಿಗೇ ಕೂತಿದ್ದೆ ಅವ್ವ, ಅಡಿಕೆ ಕತ್ತರಿಸುತ್ತ. ಒಂದು ಸಲವೂ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ನನಗೆ ನಿನ್ನ ಮೇಲೆ ತುಂಬ ಸಿಟ್ಟಿದೆ.

ಇಲ್ಲಿ ಕೆಲಸ ಚೆನ್ನಾಗಿದೆ. ವಾರದಲ್ಲಿ ಎರಡು ದಿನ ಮೇಗರವಳ್ಳಿಯವರೆಗೂ ಹೋಗಿ ಬರುತ್ತೇವೆ. ಇಲ್ಲಿಯವರೂ ಮೊದಮೊದಲು ನಮ್ಮಿಬ್ಬರನ್ನು ನೋಡಿ ಅಕ್ಕತಂಗಿಯರಾ ಎಂದು ನಕ್ಕರು. ರೂತಕ್ಕ ಹೌದು ಎಂದಳು.

ಗುತ್ಯಮ್ಮ


ಹೊನ್ನೆಕೊಪ್ಪ
೨೩-೩-೧೯೬೭

ಮಗಳು ಗುತ್ತಿಗೆ.

ಇದು ನನ್ನ ಕೈ ಬರಹ. ಮೂರು ದಿನ ಹಿಡಿಯಿತು ಬರೆಯಲು. ನಿನ್ನ ಕಾಗದ ಓದಲು ಎರಡು ದಿನ ಹಿಡಿದಿತ್ತು. ಕೆರಿಯಮ್ಮ ತನ್ನ ಮಗನ ಕೈಲಿ ಓದಿಸ್ತೀನಿ ಎಂದಳು. ಬೇಡ ಎಂದೆ. ಬೇರೆಯವರ ಬಾಯಲ್ಲಿ ಕೇಳುವಂಥ ಕಾಗದ ಅದಲ್ಲ.

ನಿಮ್ಮಿಬ್ಬರ ಬದಲಿಗೆ ಇಲ್ಲಿಗೆ ಯಾರೂ ಬರಲಿಲ್ಲ. ಬಿಳಿಯವಳೂ ಬರಲಿಲ್ಲ. ಕೋಳಿ ಒಂಬತ್ತು ಸತ್ತವು. ಔಷಧಿ ಎಷ್ಟು ಹಾಕಬೇಕು ಅಂತ ಯಾರಿಗೂ ಗೊತ್ತಿಲ್ಲ.

ಮೊದಲು ನಿನ್ನ ಮೇಲೆ ಸಿಟ್ಟು ಬಂತು. ನನ್ನ ರುಜು ನನಗೇ ತಿರುಗಿಸಿದಳಲ್ಲ ಎಂದು ಅಪ್ಪಯ್ಯನ ಹತ್ತಿರ ದಿನಾ ಕೂಗಾಡಿದೆ. ಒಂದು ದಿನ ಅವರು, "ನೀ ಬರ್ಸಿದ್ದೆಂತ ಅಂತ ಒಂದ್ಸಲ ನೆನಪು ಮಾಡ್ಕ" ಎಂದರು. ನೆನಪು ಮಾಡಿಕೊಂಡೆ. ಮನೆ ಕತ್ತಲಾಗುತ್ತದೆ ಎಂದು ಬರೆಸಿದ್ದೆ. ಆ ಮಾತು ನನ್ನದಲ್ಲ ಗುತ್ತಿ. ಮಂಜುನಾಥಪ್ಪನ ಕಡೆಯವರು ನನ್ನನ್ನು ನೋಡಲು ಬಂದಾಗ ಅವರ ಅಜ್ಜಿ ಆಡಿದ್ದು. "ದೊಡ್ಡವ್ಳು ಬಂದ್ರೆ ಮನೆ ಕತ್ತಲಾಗ್ತದೆ, ಚಿಕ್ಕವ್ಳನ್ನ ಕೇಳಿ." ನಾನು ಬಾಗಿಲ ಹಿಂದೆ ನಿಂತಿದ್ದೆ. ಯಾರಿಗೂ ಹೇಳಲಿಲ್ಲ. ಪುಷ್ಪಿಗೂ ಗೊತ್ತಿಲ್ಲ. ಅಷ್ಟು ವರ್ಷ ಆ ಮಾತು ನನ್ನ ಹೊಟ್ಟೆಯಲ್ಲಿ ಇತ್ತು. ಅದನ್ನು ತೆಗೆದು ನಿನ್ನ ಕೈಗೆ ಕೊಟ್ಟು ಬರಿ ಎಂದೆ.

ಇನ್ನೊಂದು ಹೇಳಬೇಕು. ಹೋದ ಗುರುವಾರ ನಾನು ತೀರ್ಥಹಳ್ಳಿಗೆ ಬಂದಿದ್ದೆ. ಹೊಸನಗರದಲ್ಲಿ ಬಸ್ಸು ಬದಲಾಯಿಸಿದೆ, ಪುಷ್ಪಿಯ ಮನೆಗೂ ಹೋಗಲಿಲ್ಲ. ಕೇಳಿಕೊಂಡು ಕೇಳಿಕೊಂಡು ನಿಮ್ಮ ಬಾಡಿಗೆ ಮನೆ ಹತ್ತಿರ ಬಂದೆ. ನೀವಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಿರಿ. ಅವಳು ನಿನ್ನ ತಲೆ ಬಾಚುತ್ತಿದ್ದಳು. ನೀನು ಏನೋ ಹೇಳಿ ನಗುತ್ತಿದ್ದೆ, ಹಲ್ಲೆಲ್ಲ ಕಾಣುವ ಹಾಗೆ. ನಮ್ಮ ಮನೆಯಲ್ಲಿ ನೀನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗುತ್ತಿದ್ದೆ. ನಾನೇ ಕಲಿಸಿದ್ದು. ಹಲ್ಲು ಬೆಳ್ಳಗೆ ಕಂಡರೆ ಮುಖ ಇನ್ನೂ ಕಪ್ಪು ಕಾಣುತ್ತದೆ ಅಂತ ಹೇಳಿದ್ದೆ.

ಎದುರಿನ ಅಂಗಡಿ ಪಕ್ಕ ನಿಂತು ನೋಡಿದೆ. ಹೊಟ್ಟೆ ಉರಿಯಿತು. ಪುಷ್ಪಿಯ ಮೇಲೆ ಇಪ್ಪತ್ತೆರಡು ವರ್ಷ ಉರಿದದ್ದು ಇದರ ಮುಂದೆ ಏನೂ ಅಲ್ಲ. ಅವಳು ತೆಗೆದುಕೊಂಡದ್ದು ಒಬ್ಬ ಗಂಡನನ್ನು. ಈ ರೂತಮ್ಮ ಕೂತಿರುವುದು ನನ್ನ ಜಾಗದಲ್ಲಿ. ನಾನೇ ಎದ್ದು ಖಾಲಿ ಮಾಡಿಕೊಟ್ಟ ಜಾಗ, ಅದಕ್ಕೇ ಬೈಯಲಿಕ್ಕೂ ಆಗುವುದಿಲ್ಲ. ಒಳಗೆ ಬರುವ ಧೈರ್ಯ ಬರಲಿಲ್ಲ. ಬಸ್ಸು ಹತ್ತಿ ವಾಪಸು ಬಂದೆ.

ಮನೆಗೆ ಬಾ ಎಂದು ಕರೆಯುವುದಿಲ್ಲ. ನಾನೇ ಒಂದು ಸಲ ಬರುತ್ತೇನೆ. ಬರಲಾ? ಯಾವತ್ತು ಎಂದು ಬರಿ.

ನಿನ್ನ ಅವ್ವ


ತೀರ್ಥಹಳ್ಳಿ
೨೯-೩-೧೯೬೭

ಅವ್ವಾ,

ಕಾಗದ ಮುಟ್ಟಿತು. ರೂತಕ್ಕನಿಗೆ ಪೂರ್ತಿ ಓದಿ ಹೇಳಿದೆ. ಅವಳ ಮೇಲೆ ನೀನು ಬರೆಸಿದ ಅರ್ಜಿಯನ್ನೂ ಇಲ್ಲಿಗೆ ಬಂದ ವಾರವೇ ನೆನಪಿನಿಂದ ಹೇಳಿದ್ದೆ, ಒಂದು ಮಾತೂ ಮುಚ್ಚಿಡದೆ. ಎಲ್ಲ ಗೊತ್ತಿದ್ದೂ, ಭಾನುವಾರ ಬರಲಿ ಎನ್ನುತ್ತಿದ್ದಾಳೆ. ಬಸ್ ಸ್ಟ್ಯಾಂಡಿಗೆ ತಾನೇ ಬಂದು ಕರೆದುಕೊಂಡು ಬರುತ್ತಾಳಂತೆ.

ಬಾ ಎಂದಿರುವುದು ಅವಳು. ನಾನು ಇನ್ನೂ ಅಂದಿಲ್ಲ.

ಗುತ್ಯಮ್ಮ